ಗೋಧಿ, ಮೈದಾ ಇಲ್ಲದ ಹಣ್ಣಿನ ಪೈ: ಕಣಕ ಉಸುಕಿನ ಹಾಗೆ ಉದುರುತ್ತಿದೆ, ಏನು ಮಾಡಲಿ?

ಮೈದಾ ಬಿಟ್ಟ ಮನೆ (ಧಾರವಾಡ), ಜನವರಿ 6, ರಾತ್ರಿ 9.40

ಮಗಳಿಗೆ ಹನ್ನೊಂದು ವರ್ಷ. ಹೋದ ಆಗಸ್ಟ್‌ನಲ್ಲಿ ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿ ತಿಂದರೆ ಕರುಳು ಕೆಡುವ ಕಾಯಿಲೆ, ಎಂದು ಗೊತ್ತಾಯಿತು. ಅಂದಿನಿಂದ ಗೋಧಿ, ಮೈದಾ, ರವೆ, ಶ್ಯಾವಿಗೆ ಎಲ್ಲವೂ ಬಂದ್. ರೊಟ್ಟಿ ಉಣ್ಣುವ ಮನೆಯಾದ್ದರಿಂದ ದಿನದ ಊಟಕ್ಕೆ ಅಷ್ಟು ತೊಂದರೆಯಾಗಲಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದಾಗಲೂ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲವನ್ನೂ ಎಲ್ಲರ ಜೊತೆ ಕುಳಿತು ಉಂಡಳು. ಹೋಳಿಗೆಯ ಬುಟ್ಟಿ ಬಂದಾಗ ಮಾತ್ರ ಎದ್ದು ಎತ್ತುಗಳ ಹತ್ತಿರ ಹೋಗಿ ನಿಂತಳು.

25ಕ್ಕೆ ಅವಳ ಹುಟ್ಟುಹಬ್ಬ. ಕೇಕ್ ಬೇಡವಂತೆ, ಪೈ ಬೇಕಂತೆ. ಎರಡು ವರ್ಷದ ಹಿಂದೆ ಬೆಂಗಳೂರಿನ ಸೋದರಮಾವನ ಮನೆಯಲ್ಲಿ ತಿಂದಿದ್ದಳು, ಒಳಗೆ ಹಣ್ಣಿನ ಹೂರಣ, ಮೇಲೆ ಕಣಕದ ಪಟ್ಟಿಗಳ ಜಾಲರಿ ಹೆಣೆದದ್ದು. ನಿನ್ನೆ ಮಾಡಿ ನೋಡಿದೆ: ಅಕ್ಕಿ ಹಿಟ್ಟು ಒಂದೂವರೆ ಕಪ್, ಕಾರ್ನ್‌ಫ್ಲೋರ್ ಅರ್ಧ ಕಪ್, ಬೆಣ್ಣೆ, ತಣ್ಣೀರು. ಲಟ್ಟಿಸಲು ಹೋದರೆ ಲಟ್ಟಣಿಗೆಗೆ ಅರ್ಧ, ಮಣೆಗೆ ಅರ್ಧ. ಹೇಗೋ ತುಣುಕು ತುಣುಕಾಗಿ ಅಚ್ಚಿಗೆ ಮೆತ್ತಿ ಬೇಯಿಸಿದೆ. ಕತ್ತರಿಸಿದಾಗ ಉಸುಕಿನ ಹಾಗೆ ಉದುರಿತು. ಒಳಗಿನ ಸೇಬಿನ ಹೂರಣ ಚೆನ್ನಾಗಿತ್ತು. ನಮ್ಮವರು ಎಲ್ಲವನ್ನೂ ಕಲಸಿ ಚಮಚೆಯಲ್ಲಿ ತಿಂದು 'ಶಿರಾ ಚೆನ್ನಾಗಿ ಆಗಿದೆ' ಎಂದರು.

ಮೊಟ್ಟೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಓವನ್ 28 ಲೀಟರಿನದು. ಯಾರಾದರೂ ಮಾಡಿದವರಿದ್ದರೆ ಹೇಳಿ.

ಓವನ್ ಕಾಕಾ (ಹುಬ್ಬಳ್ಳಿ), ಜನವರಿ 6, ರಾತ್ರಿ 10.25

ತಂಗಿ, ತಪ್ಪು ನಿಮ್ಮ ಕೈಯದಲ್ಲ, ಹಿಟ್ಟಿನದು. ಗೋಧಿ ಹಿಟ್ಟಿಗೆ ನೀರು ಬಿದ್ದರೆ ಅದರೊಳಗಿನ ಗ್ಲಿಯಾಡಿನ್, ಗ್ಲುಟೆನಿನ್ ಎಂಬ ಎರಡು ಪ್ರೋಟೀನುಗಳು ಸೇರಿ ಒಂದು ಬಲೆಯಾಗುತ್ತದೆ. ಅದೇ ಗ್ಲುಟನ್. ಹೋಳಿಗೆಯ ಕಣಕ ಎಳೆದಷ್ಟೂ ಹರಿಯದೆ ಬರುವುದು ಆ ಬಲೆಯಿಂದ. ಅಕ್ಕಿಯಲ್ಲಿ, ಮೆಕ್ಕೆಜೋಳದಲ್ಲಿ ಅದು ಇಲ್ಲ. ನೀವು ಮಾಡಿದ್ದು ಬೆಣ್ಣೆ ಸವರಿದ ಪುಡಿ. ಅದು ಬೆಂದರೂ ಪುಡಿಯೇ.

ಎರಡು ಮಾತು. ಒಂದು, ಕಪ್ ಬಿಟ್ಟು ತೂಕಕ್ಕೆ ಬನ್ನಿ. ನಿಮ್ಮ ಕಪ್ಪಿನ ಅಕ್ಕಿ ಹಿಟ್ಟಿಗೂ ನನ್ನ ಕಪ್ಪಿನ ಅಕ್ಕಿ ಹಿಟ್ಟಿಗೂ ಇಪ್ಪತ್ತು ಗ್ರಾಂ ವ್ಯತ್ಯಾಸವಾದರೆ ಆಶ್ಚರ್ಯವಿಲ್ಲ. ಇನ್ನೊಂದು, ಔಷಧಿ ಅಂಗಡಿಯಲ್ಲಿ ಸಿಗುವ ಇಸಬ್ಗೋಲ್ ಹೊಟ್ಟು ತನ್ನಿ, ಸಾದಾದ್ದು, ಕಿತ್ತಳೆ ರುಚಿಯದಲ್ಲ. ನೀರು ಕುಡಿದು ಲೋಳೆಯಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಪದರು ಪದರಾಗಿ ಏಳುವ ಪೈ ಈ ಹಿಟ್ಟುಗಳಲ್ಲಿ ಕಷ್ಟ. ನಾನಕಟಾಯಿಗೂ ಕರಜಿಕಾಯಿಗೂ ನಡುವಿನ ಹದ ಸಿಕ್ಕರೆ ಗೆದ್ದ ಹಾಗೆ.

ಸಾವಯವ ಸವಿ (ಗದಗ), ಜನವರಿ 7, ಬೆಳಿಗ್ಗೆ 6.50

ಇಷ್ಟೆಲ್ಲ ಸರ್ಕಸ್ ಯಾಕೆ? ಜವೆ ಗೋಧಿ ತನ್ನಿ. ನಮ್ಮ ಅಜ್ಜಂದಿರು ತಿಂದ ಹಳೆಯ ತಳಿ, ಸಕ್ಕರೆ ಕಾಯಿಲೆಯವರೂ ತಿನ್ನುತ್ತಾರೆ. ಗ್ಲುಟನ್ ತೊಂದರೆಯೆಲ್ಲ ಹೊಸ ತಳಿಯ ಗೋಧಿಯದು.

ಹತ್ತು ವರ್ಷದ ಪಥ್ಯ (ಹುಬ್ಬಳ್ಳಿ), ಜನವರಿ 7, ಬೆಳಿಗ್ಗೆ 8.15

ಬೇಡ. ದಯವಿಟ್ಟು ಬೇಡ. ಜವೆ ಗೋಧಿ, ಸದಕ, ಖಪಲಿ, ಯಾವ ಹೆಸರಿನಿಂದ ಕರೆದರೂ ಅದು ಗೋಧಿಯೇ, ಅದರಲ್ಲಿ ಗ್ಲುಟನ್ ಇದೆ. ಸಕ್ಕರೆ ಕಾಯಿಲೆ ಬೇರೆ, ಸೀಲಿಯಾಕ್ ಬೇರೆ. ಇಲ್ಲಿ ದೇಹವೇ ಗ್ಲುಟನ್ನಿನ ನೆಪದಲ್ಲಿ ತನ್ನ ಸಣ್ಣ ಕರುಳಿನ ಒಳಪದರವನ್ನು ಕೆಡಿಸಿಕೊಳ್ಳುತ್ತದೆ. ಹಳೆಯ ತಳಿಗೆ ಅದು ರಿಯಾಯಿತಿ ಕೊಡುವುದಿಲ್ಲ. ನನಗೂ ಮೊದಲ ವರ್ಷ ಒಬ್ಬ ಹಿರಿಯರು ಇದೇ ಸಲಹೆ ಕೊಟ್ಟಿದ್ದರು. ಎರಡು ತಿಂಗಳು ಸದಕದ ಪಾಯಸ ಉಂಡು ಮತ್ತೆ ಹಾಸಿಗೆ ಹಿಡಿದೆ.

ಓದುತ್ತಿರುವ ಬೇರೆಯವರಿಗೂ ಒಂದು ಮಾತು: ಸಂಶಯ ಬಂತೆಂದು ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಟಿಟಿಜಿ ಎಂಬ ರಕ್ತಪರೀಕ್ಷೆಯಾಗಲಿ, ಕರುಳಿನ ಚೂರು ತೆಗೆದು ನೋಡುವುದಾಗಲಿ, ಗೋಧಿ ತಿನ್ನುತ್ತಿರುವಾಗ ಮಾಡಿದರೆ ಮಾತ್ರ ಸರಿಯಾಗಿ ತೋರಿಸುತ್ತವೆ.

ಅಮ್ಮನವರೇ, ನಿಮಗೊಂದು ಪ್ರಶ್ನೆ. ಜೋಳ ಎಲ್ಲಿ ಬೀಸಿಸುತ್ತೀರಿ? ಇಂಗು ಯಾವುದು? ಡಬ್ಬಿಯ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಸೇರಿರುತ್ತದೆ, ಲೇಬಲ್ ಓದಿ ನೋಡಿ.

ಮೈದಾ ಬಿಟ್ಟ ಮನೆ (ಧಾರವಾಡ), ಜನವರಿ 7, ಮಧ್ಯಾಹ್ನ 1.05

ಇಂಗಿನ ಡಬ್ಬಿ ಈಗಷ್ಟೇ ನೋಡಿದೆ. ಇದೆ. ಕಸದ ಬುಟ್ಟಿಗೆ ಹಾಕಿದೆ. ಜೋಳ ನಮ್ಮ ಓಣಿಯ ಗಿರಣಿಯಲ್ಲಿಯೇ ಬೀಸಿಸುತ್ತೇವೆ, ಎಲ್ಲರ ಹಾಗೆ. ಜೋಳದಲ್ಲಿ ಗ್ಲುಟನ್ ಇಲ್ಲವಲ್ಲ?

ಗಿರಣಿ ಮನೆ (ಗದಗ), ಜನವರಿ 7, ಸಂಜೆ 7.30

ಜೋಳದಲ್ಲಿ ಇಲ್ಲ ಅಕ್ಕಾ, ಗಿರಣಿಯಲ್ಲಿ ಇದೆ. ನಮ್ಮ ತಂದೆಯ ಕಾಲದಿಂದ ನಮ್ಮದು ಹಿಟ್ಟಿನ ಗಿರಣಿ, ಆದ್ದರಿಂದ ಇದನ್ನು ಹೇಳಬೇಕಾದವನು ನಾನೇ.

ನಿಮ್ಮ ಮುಂದಿನವರು ಗೋಧಿ ಬೀಸಿಸಿಕೊಂಡು ಹೋದ ಮೇಲೆ ನಿಮ್ಮ ಜೋಳ ಸುರಿಯುತ್ತೇವೆ. ಅವರ ಹಿಟ್ಟು ಕಲ್ಲುಗಳ ನಡುವೆ, ಸುತ್ತಲಿನ ಡಬ್ಬದ ಮೂಲೆಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯಲ್ಲಿ ಉಳಿದೇ ಇರುತ್ತದೆ. ನಾನು ಎಷ್ಟು ಬಡಿದರೂ ಪೂರ್ತಿ ಬರುವುದಿಲ್ಲ. 'ಮೊದಲು ಒಂದು ಪಾವು ಅಕ್ಕಿ ಹಾಕಿ ಕಲ್ಲು ಒರೆಸಿ ಕೊಡು' ಎಂದು ಕೆಲವರು ಹೇಳುತ್ತಾರೆ, ಹಾಗೆಯೇ ಮಾಡಿ ಕೊಡುತ್ತೇನೆ. ಕಣ್ಣಿಗೆ ಬಿಳಿ ಹಿಟ್ಟು ಕಾಣುತ್ತದೆ, ಅಷ್ಟೇ. ಮೆಣಸಿನಕಾಯಿಗೆ ನಾವು ಬೇರೆ ಯಂತ್ರ ಇಟ್ಟಿದ್ದೇವೆ, ಏಕೆಂದರೆ ಖಾರ ಬೆರೆತರೆ ನಾಲಿಗೆಗೆ ಗೊತ್ತಾಗುತ್ತದೆ, ಗಿರಾಕಿ ಜಗಳಕ್ಕೆ ಬರುತ್ತಾನೆ. ಗೋಧಿ ಬೆರೆತದ್ದು ಯಾರ ನಾಲಿಗೆಗೂ ಗೊತ್ತಾಗುವುದಿಲ್ಲ.

ಓವನ್ ಕಾಕಾ (ಹುಬ್ಬಳ್ಳಿ), ಜನವರಿ 7, ರಾತ್ರಿ 8.10

ಲೆಕ್ಕ ಹಾಕಿ ನೋಡಿದೆ. 'ಗ್ಲುಟನ್ ಮುಕ್ತ' ಎಂದು ಬರೆಯಲು ನಮ್ಮ ದೇಶದ ಆಹಾರ ನಿಯಮದಲ್ಲಿ ಇರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಗೋಧಿ ಹಿಟ್ಟಿನಲ್ಲಿ ಹತ್ತನೆಯ ಒಂದು ಪಾಲು ಗ್ಲುಟನ್ ಎಂದು ಹಿಡಿಯಿರಿ. ಒಂದು ಕಿಲೋ ಜೋಳದ ಹಿಟ್ಟಿಗೆ ಬರೀ ಒಂದು ಗ್ರಾಂ, ಅಂದರೆ ಎರಡು ಚಿಟಿಕೆ, ಗೋಧಿ ಹಿಟ್ಟು ಬೆರೆತರೂ 100 ಮಿಲಿಗ್ರಾಂ ಆಯಿತು. ಮಿತಿಯ ಐದು ಪಟ್ಟು. ಎರಡು ಚಿಟಿಕೆ ಗಿರಣಿಯ ಬಾಗಿಲಿನಲ್ಲಿ ಗಾಳಿಗೇ ಹಾರುತ್ತಿರುತ್ತದೆ.

ಮೈದಾ ಬಿಟ್ಟ ಮನೆ (ಧಾರವಾಡ), ಜನವರಿ 7, ರಾತ್ರಿ 11.20

ನಿದ್ದೆ ಬರುತ್ತಿಲ್ಲ. ನವೆಂಬರಿನ ರಕ್ತಪರೀಕ್ಷೆಯಲ್ಲಿ ಅವಳ ಟಿಟಿಜಿ ನಾವು ಅಂದುಕೊಂಡಷ್ಟು ಇಳಿದಿರಲಿಲ್ಲ. ಶಾಲೆಯಲ್ಲಿ ಗೆಳತಿಯರ ಡಬ್ಬಿಯಿಂದ ತಿನ್ನುತ್ತಿದ್ದಾಳೆ ಎಂದು ಅವಳನ್ನೇ ಬೈದಿದ್ದೆ. ಅವಳು ಅತ್ತು 'ಇಲ್ಲ ಅವ್ವ' ಎಂದರೂ ನಂಬಿರಲಿಲ್ಲ.

ಹತ್ತು ವರ್ಷದ ಪಥ್ಯ (ಹುಬ್ಬಳ್ಳಿ), ಜನವರಿ 8, ಬೆಳಿಗ್ಗೆ 7.00

ಆ ಸಂಖ್ಯೆ ನಿಧಾನವಾಗಿಯೇ ಇಳಿಯುತ್ತದೆ, ಪಥ್ಯ ಸರಿಯಾಗಿದ್ದರೂ ಒಂದು ವರ್ಷ ಹಿಡಿಯಬಹುದು, ಕೆಲವರಿಗೆ ಅದಕ್ಕಿಂತ ಹೆಚ್ಚು. ಆದ್ದರಿಂದ ಗಿರಣಿಯೇ ಕಾರಣ ಎಂದು ಇವತ್ತೇ ತೀರ್ಮಾನ ಮಾಡಬೇಡಿ. ಆದರೆ ಮಗಳಿಗೆ ಒಂದು ಮಾತು ಹೇಳಿ ಬಿಡಿ, ಅದಕ್ಕೆ ವೈದ್ಯರು ಬೇಕಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು: ಜೋಳ ತಂದು ನೀವೇ ಹಸನು ಮಾಡಿ, ತೊಳೆದು ಒಣಗಿಸಿ, ಮಿಕ್ಸರ್‌ನಲ್ಲಿ ಎರಡೆರಡು ಮುಷ್ಟಿ ಹಾಕಿ ಬೀಸಿ. ಅದಕ್ಕೆ ಬೇರೆ ಜಾರ್ ಇರಲಿ. ಸಾಣಿಗೆ, ಮಣೆ, ಲಟ್ಟಣಿಗೆ ಹೊಸದು. ಕಟ್ಟಿಗೆಯ ಸಾಮಾನಿನ ಬಿರುಕಿನಲ್ಲಿ ಹಳೆಯ ಹಿಟ್ಟು ಕೂತಿರುತ್ತದೆ.

ಹಾವೇರಿ ಆಯಿ (ಹಾವೇರಿ), ಜನವರಿ 8, ಸಂಜೆ 5.45

(ಆಯಿ ಹೇಳಿದ್ದು, ಬರೆದವನು ಮೊಮ್ಮಗ.)

ಮೊಮ್ಮಗ ಎಲ್ಲವನ್ನೂ ಓದಿ ಹೇಳಿದ. ಪೈ ಅಂದರೆ ಏನು ಎಂದು ಕೇಳಿದೆ, ಚಿತ್ರ ತೋರಿಸಿದ. ತಾಟಿನಲ್ಲಿ ಮಾಡಿದ ಕರಜಿಕಾಯಿ.

ಯವ್ವಾ, ನೀನು ರೊಟ್ಟಿ ಬಡಿಯುವವಳಲ್ಲವೇ? ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ಎಂದಾದರೂ ರೊಟ್ಟಿ ಬಡಿದಿದ್ದೀಯಾ? ಎಸರು ಕುದಿಸುತ್ತೀ, ಹಿಟ್ಟಿನ ನಡುವೆ ಗುಣಿ ಮಾಡಿ ಸುರಿಯುತ್ತೀ, ಕೈ ಸುಟ್ಟುಕೊಂಡು ನಾದುತ್ತೀ. ಆಗ ಜಿಗಿ ಬರುತ್ತದೆ. ತಣ್ಣೀರಿನಲ್ಲಿ ಕಲಸಿದರೆ ಕಲ್ಲಿನಿಂದ ಎತ್ತುವಾಗಲೇ ಹರಿಯುತ್ತದೆ. ಇಷ್ಟು ವರ್ಷ ದಿನವೂ ಮಾಡಿದ್ದನ್ನು ಓವನ್ ಮುಂದೆ ನಿಂತ ಕೂಡಲೇ ಮರೆತೆಯಾ? ಹಿಟ್ಟು ಹೊಸದಾಗಿರಲಿ. ತಿಂಗಳು ಇಟ್ಟ ಹಿಟ್ಟಿನಲ್ಲಿ ಜಿಗಿ ಸತ್ತಿರುತ್ತದೆ. ಲಟ್ಟಣಿಗೆ ಎತ್ತಿಡು. ಬಡಿ.

ಓವನ್ ಕಾಕಾ (ಹುಬ್ಬಳ್ಳಿ), ಜನವರಿ 8, ಸಂಜೆ 6.30

ಆಯಿ, ನಿಮ್ಮ ಕಾಲಿಗೆ ಬಿದ್ದೆ. ನಾಲ್ಕು ವರ್ಷದಿಂದ ವಿಡಿಯೊ ನೋಡಿ ಬೇಕಿಂಗ್ ಮಾಡುತ್ತಿದ್ದೇನೆ. ಮನೆಯಲ್ಲಿ ದಿನವೂ ಎಸರು ಕುದಿಯುವ ಸಪ್ಪಳ ಕೇಳುತ್ತೇನೆ. ಎರಡನ್ನೂ ಜೋಡಿಸಿ ನೋಡಲಿಲ್ಲ.

ಅದರ ಕಾರಣ ಇಷ್ಟು: ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆದು ಅಂಟಾಗುತ್ತವೆ. ಗ್ಲುಟನ್ ಮಾಡುವ ಕೆಲಸವನ್ನು ಪಿಷ್ಟ ಅಷ್ಟಿಷ್ಟು ಮಾಡುತ್ತದೆ. ಆದರೆ ಪೈಗೆ ಇನ್ನೊಂದು ಪೇಚು ಇದೆ. ಬಿಸಿ ಹಿಟ್ಟಿಗೆ ಬೆಣ್ಣೆ ಸೇರಿಸಿದರೆ ಅದು ಕರಗಿ ಎಣ್ಣೆಯಾಗಿ ಕಣಕ ಗಟ್ಟಿಯಾಗುತ್ತದೆ. ಬೆಣ್ಣೆ ಚೂರುಗಳಾಗಿ ತಣ್ಣಗೆ ಉಳಿದರೆ ಮಾತ್ರ ಗರಿಗರಿ. ಅದಕ್ಕೆ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡೋಣ.

23 ಸೆಂಟಿಮೀಟರ್ ಅಗಲದ ಅಚ್ಚಿಗೆ ಜೋಳದ ಹಿಟ್ಟು 160 ಗ್ರಾಂ, ಅಕ್ಕಿ ಹಿಟ್ಟು 80, ಕಾರ್ನ್‌ಫ್ಲೋರ್ 40. ಜೋಳದಲ್ಲಿ 70 ಗ್ರಾಂ ಬೇರೆ ತೆಗೆದು ಒಂದು ಚಹಾ ಚಮಚೆ ಇಸಬ್ಗೋಲ್, ಚಿಟಿಕೆ ಉಪ್ಪು ಬೆರೆಸಿ. 100 ಮಿಲಿಲೀಟರ್ ಕುದಿಯುವ ನೀರು ಸುರಿದು ಮುದ್ದೆ ಮಾಡಿ ಫ್ರಿಜ್‌ನಲ್ಲಿ ಪೂರ್ತಿ ತಣಿಸಿ. ಉಳಿದ ಹಿಟ್ಟಿಗೆ ಎರಡು ದೊಡ್ಡ ಚಮಚೆ ಸಕ್ಕರೆ ಪುಡಿ, ಫ್ರೀಜರ್‌ನಲ್ಲಿಟ್ಟು ತುರಿದ ಉಪ್ಪಿಲ್ಲದ ಬೆಣ್ಣೆ 140 ಗ್ರಾಂ ಹಾಕಿ ಬೆರಳ ತುದಿಯಲ್ಲಿ ಉದುರಿಸಿ. ತಣ್ಣನೆಯ ಮುದ್ದೆಯನ್ನು ಚೂರು ಮಾಡಿ ಅದರಲ್ಲಿ ಸೇರಿಸಿ, ಒಂದಾಗುವಷ್ಟು ಮಾತ್ರ ನಾದಿ.

ಇದು ಈಗ ತಾನೇ ಕಾಗದದ ಮೇಲೆ ಮಾಡಿದ್ದು. ಭಾನುವಾರ ಮಾಡಿ ನೋಡಿ ಹೇಳುತ್ತೇನೆ.

ಡಬರಿ ಬೇಕರಿ (ರಾಣೇಬೆನ್ನೂರು), ಜನವರಿ 9, ಬೆಳಿಗ್ಗೆ 10.15

ಓವನ್ ಇಲ್ಲದವರು ಏನು ಮಾಡಬೇಕು ಎಂದು ಯಾರೂ ಕೇಳುತ್ತಿಲ್ಲ, ಆದರೂ ಹೇಳುತ್ತೇನೆ. ದಪ್ಪ ತಳದ ಡಬರಿಯಲ್ಲಿ ಉಪ್ಪು ಹಾಸಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹದಿನೈದು ನಿಮಿಷ ಕಾಯಿಸಿ ಅಚ್ಚು ಇಳಿಸಿ. ತಳ ಚೆನ್ನಾಗಿ ಬೇಯುತ್ತದೆ, ಮೇಲೆ ಬಣ್ಣ ಬರುವುದಿಲ್ಲ. ಜಾಲರಿ ಬೇಕಾದವರಿಗೆ ಇದು ಆಗದು.

ಮೈದಾ ಬಿಟ್ಟ ಮನೆ (ಧಾರವಾಡ), ಜನವರಿ 12, ರಾತ್ರಿ 9.00

ಎರಡು ಕಿಲೋ ಬಿಳಿ ಜೋಳ ತಂದೆವು. ಮಗಳೂ ನಾನೂ ಮೊರದ ಮುಂದೆ ಕುಳಿತು ಹಸನು ಮಾಡಿದೆವು. ಏಳು ಗೋಧಿ ಕಾಳು ಸಿಕ್ಕವು. ಅವಳು ಅವನ್ನು ನೋಟ್‌ಬುಕ್ಕಿನ ಹಾಳೆಯ ಮೇಲೆ ಸಾಲಾಗಿ ಇಟ್ಟು ಒಂದೊಂದಕ್ಕೂ ಪೆನ್ನಿನಿಂದ ಗೋಲ ಎಳೆದಳು. ನಾನು ಕೇಳಬೇಕಾದ ಕ್ಷಮೆಯನ್ನು ಆಗಲೇ ಕೇಳಿದೆ. 'ಆಯಿತು ಬಿಡು, ಆದರೆ ಪೈ ಎರಡು ಮಾಡು' ಎಂದಳು.

ಈಗ ವರದಿ. ಜಾಣತನ ಮಾಡಿ ಇಸಬ್ಗೋಲನ್ನು ಒಂದರ ಬದಲು ಮೂರು ಚಮಚೆ ಹಾಕಿದೆ. ಉದುರಲಿಲ್ಲ. ಹರಿಯಲೂ ಇಲ್ಲ. ನಮ್ಮವರು ಚಪ್ಪಲಿಯ ಅಟ್ಟೆಗೆ ಹೋಲಿಸಿದರು. ಬೇಯಿಸುವ ಮೊದಲು ಕೈಯಲ್ಲಿ ಹಿಟ್ಟು ಮಾತ್ರ ಬಹಳ ಚೆನ್ನಾಗಿತ್ತು, ಅದೇ ಮೋಸ.

ಓವನ್ ಕಾಕಾ (ಹುಬ್ಬಳ್ಳಿ), ಜನವರಿ 12, ರಾತ್ರಿ 9.40

ಒಂದೇ ಚಮಚೆ ತಂಗಿ, ಅದೂ ತಲೆ ಒರೆಸಿದ್ದು. ಎಸರು ಮಾಡುವ ಕೆಲಸವನ್ನು ಎಸರಿಗೆ ಬಿಡಿ. ನನ್ನದು ಇವತ್ತು ನಿಂತಿತು. ಆದರೆ ಅಡಿ ಒದ್ದೆಯಾಯಿತು, ಸೇಬು ನೀರು ಬಿಟ್ಟು ಕಣಕ ಮೆತ್ತಗಾಯಿತು. ಬರಿ ಕಣಕವನ್ನು ಮೊದಲು ಬೇಯಿಸಿಕೊಳ್ಳಬೇಕು. ಅಚ್ಚಿಗೆ ಮೆತ್ತಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಬೆಣ್ಣೆ ಕಾಗದ ಹಾಸಿ, ಮೇಲೆ ಭಾರಕ್ಕೆ ಹೆಸರುಕಾಳು ತುಂಬಿ 190 ಡಿಗ್ರಿಯಲ್ಲಿ ಹದಿನೈದು ನಿಮಿಷ. ಕಾಳು ತೆಗೆದು ಇನ್ನೂ ಹತ್ತು ನಿಮಿಷ. ಆಮೇಲೆ ಹೂರಣ.

ಗಿರಣಿ ಮನೆ (ಗದಗ), ಜನವರಿ 12, ರಾತ್ರಿ 10.05

ನಮ್ಮ ವೈನಿ ಹೇಳುತ್ತಿದ್ದಾರೆ: ಬೆಂದ ಕಣಕದ ಮೇಲೆ ಹುರಿದ ಶೇಂಗಾ ಪುಡಿ ಒಂದು ಪದರು ಉದುರಿಸಿ, ಅದರ ಮೇಲೆ ಹಣ್ಣು. ರಸವನ್ನು ಶೇಂಗಾ ಹೀರುತ್ತದೆ, ಕಣಕದವರೆಗೆ ಬಿಡುವುದಿಲ್ಲ. ಪುಡಿ ಮನೆಯಲ್ಲಿಯೇ ಮಾಡಿ, ಗಿರಣಿಯ ಕಥೆ ಮತ್ತೆ ಹೇಳುವುದಿಲ್ಲ.

ನವಲೂರು ರಸ್ತೆ (ಹುಬ್ಬಳ್ಳಿ-ಧಾರವಾಡ), ಜನವರಿ 13, ಬೆಳಿಗ್ಗೆ 8.30

ಸೇಬು ಯಾಕೆ ಹಿಡಿದುಕೊಂಡಿದ್ದೀರಿ? ಹಣ್ಣು ದೂರದಿಂದ ಬಂದದ್ದು, ನೀರು ಬಿಡುತ್ತದೆ ಎಂದು ನೀವೇ ಹೇಳುತ್ತೀರಿ. ನವಲೂರಿನ ಪೇರಲ ರಸ್ತೆಯ ಬದಿಯಲ್ಲಿ ಬುಟ್ಟಿಗಟ್ಟಲೆ ಕೂತಿದೆ. ಪೇರಲದಲ್ಲಿ ಪೆಕ್ಟಿನ್ ಹೆಚ್ಚು, ಅದಕ್ಕೇ ಪೇರಲದ ಜೆಲ್ಲಿ ಅಷ್ಟು ಸುಲಭವಾಗಿ ಗಟ್ಟಿಯಾಗುವುದು. ಹೂರಣಕ್ಕೆ ಬೇರೆ ಹಿಟ್ಟು ಹೆಚ್ಚು ಬೇಕಾಗುವುದಿಲ್ಲ.

ಬೀಜ ಮಾತ್ರ ಬೇಡ, ಬೆಂದರೂ ಹಲ್ಲಿಗೆ ಕಲ್ಲು. ಒಂದು ಕಿಲೋ ಹಣ್ಣು ತೆಗೆದುಕೊಳ್ಳಿ, ಹಳದಿಗೆ ತಿರುಗಿರಲಿ ಆದರೆ ಒತ್ತಿದರೆ ತಗ್ಗಬಾರದು. ಎರಡು ಹೋಳು ಮಾಡಿ ನಡುವಿನ ಬೀಜದ ತಿರುಳನ್ನು ಚಮಚೆಯಿಂದ ಕೆತ್ತಿ, ಅರ್ಧ ಲೋಟ ನೀರಿನಲ್ಲಿ ಕುದಿಸಿ ಸಾಣಿಗೆಯಲ್ಲಿ ತಿಕ್ಕಿ. ಬೀಜ ಮೇಲೆ ಉಳಿಯುತ್ತದೆ, ಕೆಳಗೆ ಗಟ್ಟಿ ಗಂಜಿಯಂಥದ್ದು ಇಳಿಯುತ್ತದೆ. ಅದಕ್ಕೆ 120 ಗ್ರಾಂ ಬೆಲ್ಲ, ಒಂದು ನಿಂಬೆಯ ರಸ, ಏಲಕ್ಕಿ, ಒಂದು ಚಮಚೆ ಕಾರ್ನ್‌ಫ್ಲೋರ್. ಹೊರಗಿನ ಹೋಳುಗಳನ್ನು ತೆಳ್ಳಗೆ ಹೆಚ್ಚಿ ಇದರಲ್ಲಿ ಐದು ನಿಮಿಷ ಬಾಡಿಸಿ ಆರಿಸಿ. ಚಿಟಿಕೆ ಕಾಳುಮೆಣಸು ಹಾಕಿದರೆ ಬೇಡ ಎನ್ನುವವರಿಲ್ಲ.

ಸಾವಯವ ಸವಿ (ಗದಗ), ಜನವರಿ 13, ಬೆಳಿಗ್ಗೆ 9.10

ಜವೆ ಗೋಧಿಯ ಮಾತು ಹಿಂದೆ ತೆಗೆದುಕೊಂಡಿದ್ದೇನೆ. ನನಗೆ ಗೊತ್ತಿರಲಿಲ್ಲ. ಬೆಲ್ಲ ಕಪ್ಪು ಬಣ್ಣದ್ದಾದರೆ ರುಚಿ ಹೆಚ್ಚು, ಇದನ್ನಾದರೂ ನಂಬಿ.

ಮೈದಾ ಬಿಟ್ಟ ಮನೆ (ಧಾರವಾಡ), ಜನವರಿ 19, ಸಂಜೆ 6.20

ಮೂರನೆಯ ಸಲ ನಿಂತಿತು! ಲಟ್ಟಿಸಲಿಲ್ಲ. ಅಚ್ಚಿನ ನಡುವೆ ಮುದ್ದೆ ಇಟ್ಟು, ಅಂಗೈ ಒದ್ದೆ ಮಾಡಿಕೊಂಡು, ರೊಟ್ಟಿ ಬಡಿಯುವ ಹಾಗೆ ತಿರುಗಿಸುತ್ತ ಅಂಚಿನವರೆಗೆ ಬಡಿದೆ. ಬಿರುಕು ಬಿಟ್ಟಲ್ಲಿ ಒದ್ದೆ ಬೆರಳು ಎಳೆದರೆ ಕೂಡಿಕೊಳ್ಳುತ್ತದೆ. ಆಯಿ ಹೇಳಿದ ಜಿಗಿ ಬೆರಳಿಗೆ ಗೊತ್ತಾಗುತ್ತಿತ್ತು.

ಜಾಲರಿ ಮಾತ್ರ ಆಗುತ್ತಿಲ್ಲ. ಪಟ್ಟಿಗಳನ್ನು ಒಂದರ ಕೆಳಗೊಂದು ಹೆಣೆಯಲು ಎತ್ತಿದರೆ ತುಂಡಾಗುತ್ತವೆ. ಅವಳಿಗೆ ಅದೇ ಮುಖ್ಯ.

ಹಾವೇರಿ ಆಯಿ (ಹಾವೇರಿ), ಜನವರಿ 19, ರಾತ್ರಿ 7.50

ಹೆಣೆಯಬೇಡ, ಮೇಲೆ ಮೇಲೆ ಇಡು. ಕರಜಿಕಾಯಿ ಕತ್ತರಿಸುವ ಹಲ್ಲಿನ ಗಾಲಿಯಿಂದ ಕತ್ತರಿಸು, ಅಂಚು ಚೆಂದ ಕಂಡರೆ ಹೆಣೆದದ್ದೋ ಇಟ್ಟದ್ದೋ ಯಾರೂ ನೋಡುವುದಿಲ್ಲ. (ಮೊಮ್ಮಗನ ಸೇರ್ಪಡೆ: ಪ್ಲಾಸ್ಟಿಕ್ ಹಾಳೆಯ ಮೇಲೆ ಕತ್ತರಿಸಿ ಹಾಳೆಯ ಸಮೇತ ಹದಿನೈದು ನಿಮಿಷ ಫ್ರೀಜರ್‌ನಲ್ಲಿಡಿ. ಕಡ್ಡಿಯ ಹಾಗೆ ಎದ್ದು ಬರುತ್ತವೆ.)

ಹತ್ತು ವರ್ಷದ ಪಥ್ಯ (ಹುಬ್ಬಳ್ಳಿ), ಜನವರಿ 19, ರಾತ್ರಿ 8.05

ಗಾಲಿ ಹೊಸದು ಕೊಳ್ಳಿ. ಹಳೆಯದರ ಹಲ್ಲಿನಲ್ಲಿ ಎಷ್ಟು ದೀಪಾವಳಿಯ ಮೈದಾ ಇದೆಯೋ.

ಮೈದಾ ಬಿಟ್ಟ ಮನೆ (ಧಾರವಾಡ), ಜನವರಿ 26, ಮಧ್ಯಾಹ್ನ 12.30

ನಿನ್ನೆ ಆಯಿತು. ಎರಡು ಪೈ, ಎರಡೂ ಪೇರಲದ್ದು. ಕಣಕ ಮೊದಲು ಬೇಯಿಸಿ, ಶೇಂಗಾ ಪುಡಿ ಉದುರಿಸಿ, ಹೂರಣ ತುಂಬಿ, ಪಟ್ಟಿ ಇಟ್ಟು, ಮೇಲೆ ಹಾಲು ಸವರಿ 180 ಡಿಗ್ರಿಯಲ್ಲಿ 35 ನಿಮಿಷ. ಎರಡನೆಯದು ಅರ್ಧ ಬೆಂದಾಗ ಕರೆಂಟು ಹೋಯಿತು. ಬಾಗಿಲು ತೆಗೆಯದೆ ಕಾದೆ, ಇಪ್ಪತ್ತು ನಿಮಿಷಕ್ಕೆ ಬಂತು, ಅಂಚು ಸ್ವಲ್ಪ ಕಪ್ಪಾಯಿತು. ಕತ್ತರಿಸುವ ಮೊದಲು ಮೂರು ತಾಸು ಆರಬೇಕು ಎಂದು ಹೇಳಿದರೆ ಹತ್ತು ಜನ ಮಕ್ಕಳು ಕೇಳುತ್ತಾರೆಯೇ? ಮೊದಲಿನದನ್ನು ಬೆಳಿಗ್ಗೆಯೇ ಮಾಡಿಟ್ಟಿದ್ದರಿಂದ ಮರ್ಯಾದೆ ಉಳಿಯಿತು.

ಚಾಕು ಇಳಿದಾಗ ಸಣ್ಣಗೆ ಕರ್ ಎಂದಿತು. ಹೋಳು ಹೋಳಾಗಿಯೇ ತಾಟಿಗೆ ಬಂತು. ತುದಿಯಲ್ಲಿ ಒಂದು ಚೂರು ಮುರಿಯಿತು, ಅದನ್ನು ನಾನು ಬಾಯಿಗೆ ಹಾಕಿಕೊಂಡೆ. ಮಗಳು ತನ್ನ ಹೋಳು ಹಿಡಿದುಕೊಂಡು ಒಬ್ಬೊಬ್ಬ ಗೆಳತಿಗೂ 'ನೀನೂ ತಿನ್ನಬಹುದು, ಇದರಲ್ಲಿ ಏನೂ ಇಲ್ಲ' ಎಂದು ಹೇಳುತ್ತ ತಿರುಗಿದಳು. ಇಷ್ಟು ದಿನ ಅವರು ಅವಳಿಗೆ 'ನೀನು ತಿನ್ನುವಂತಿಲ್ಲ' ಎನ್ನುತ್ತಿದ್ದರು.

ಏಪ್ರಿಲ್ ಕೊನೆಗೆ ಆಪೂಸ್ ಬರುತ್ತದೆ, ಅದರದ್ದೂ ಮಾಡಬೇಕಂತೆ. ಪೇರಲದ ಹಾಗೆ ತಾನೇ ಗಟ್ಟಿಯಾಗುತ್ತದೆಯೇ?

ನವಲೂರು ರಸ್ತೆ (ಹುಬ್ಬಳ್ಳಿ-ಧಾರವಾಡ), ಜನವರಿ 26, ಮಧ್ಯಾಹ್ನ 2.15

ಇಲ್ಲ, ಮಾವು ರಸ ಬಿಡುತ್ತದೆ. ಕಾರ್ನ್‌ಫ್ಲೋರ್ ಮೂರು ಚಮಚೆಗೆ ಏರಿಸಿ, ಹೋಳನ್ನು ಸಕ್ಕರೆಯಲ್ಲಿ ಅರ್ಧ ಗಂಟೆ ನೆನೆಸಿ, ಬಿಟ್ಟ ರಸವನ್ನು ಬೇರೆ ಕುದಿಸಿ ಗಟ್ಟಿ ಮಾಡಿ ಮತ್ತೆ ಸೇರಿಸಿ. ಪೂರ್ತಿ ಮಾಗಿದ್ದು ಬೇಡ.

ಹಾವೇರಿ ಆಯಿ (ಹಾವೇರಿ), ಜನವರಿ 26, ಸಂಜೆ 5.10

ಇವನಿಗೂ ಒಂದು ಬೇಕಂತೆ. ನಮ್ಮಲ್ಲಿ ಪೇರಲ ಮುಗಿದಿದೆ, ಬಾಳೆಹಣ್ಣು ನಡೆಯುತ್ತದೆಯೇ ಕೇಳಿ ಹೇಳು. ಎಸರು ಇಟ್ಟಿದ್ದೇನೆ.